ನಟಿಯ ಎಡಗಿವಿಯಲ್ಲಿ

ಸುಮಾರು ನಾಲ್ಕು ವಾರ ನಾನು ಒಬ್ಬ ಅಮೆರಿಕನ್ ನಟಿಯ ಎಡಗಿವಿಯಲ್ಲಿದ್ದೆ. ಅಬುಧಾಬಿಯ ಒಂದು ರಂಗಮಂದಿರದಲ್ಲಿ, ಕಪ್ಪು ಪರದೆಯ ಮರೆಯಲ್ಲಿ, ಸಣ್ಣ ದೀಪದ ಕೆಳಗೆ ಸ್ಕ್ರಿಪ್ಟ್ ಬಿಡಿಸಿಟ್ಟುಕೊಂಡು ನಾನು ಪಿಸುಗುಟ್ಟಿದ್ದು ಆಕೆಯೊಬ್ಬರಿಗೇ ಕೇಳುತ್ತಿತ್ತು. ಈ ವಿಷಯ ಯಾರಿಗೂ ಹೇಳುವುದಿಲ್ಲ ಎಂದು ಸಹಿ ಹಾಕಿಕೊಟ್ಟಿದ್ದೇನೆ. ಅದಕ್ಕೇ ಇಲ್ಲಿ ಯಾರ ಹೆಸರೂ ಇಲ್ಲ, ಕಂಪನಿಯ ಹೆಸರಿಲ್ಲ, ನಾಟಕದ ಹೆಸರಿಲ್ಲ. ನಡೆದದ್ದು ಮಾತ್ರ ಇದೆ.

ನಾನು ಇದ್ದದ್ದು ಉಡುಪಿನ ವಿಭಾಗದಲ್ಲಿ. ನಟನಟಿಯರ ಬಟ್ಟೆ ಹೊಲಿಯುವುದು, ಇಸ್ತ್ರಿ ಹಾಕುವುದು, ತೊಡಿಸುವುದು. ಅಮೆರಿಕದಿಂದ ದೊಡ್ಡ ನಟಿ ಬರುತ್ತಾರೆ, ಹನ್ನೆರಡು ಪ್ರದರ್ಶನ, ನೀನು ಅವರ ಜೊತೆಗೇ ಇರಬೇಕು ಎಂದು ನಿರ್ಮಾಪಕರು ಹೇಳಿದಾಗ ಖುಷಿಯಾಗಿತ್ತು. ಮನೆ ಇರುವುದು ದುಬೈಯಲ್ಲಿ, ಜೆಬೆಲ್ ಅಲಿಯ ಹತ್ತಿರ. ಗಂಡನಿಗೆ ಅಲ್ಲಿಯ ಒಂದು ಗೋಡೌನಿನಲ್ಲಿ ಕೆಲಸ. ಈ ನಾಟಕ ಮುಗಿಯುವವರೆಗೆ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಒಂದು ಫ್ಲ್ಯಾಟಿನಲ್ಲಿ ಮೂವರು ಹೆಂಗಸರ ಜೊತೆ ನನಗೊಂದು ಮಂಚ ಕೊಟ್ಟರು.

ನಟಿಗೆ ಎಪ್ಪತ್ತೇಳು ವರ್ಷ. ತೆಳ್ಳಗೆ, ನೆಟ್ಟಗೆ, ಕಿವಿ ಮುಚ್ಚುವಷ್ಟು ಬಿಳಿಕೂದಲು. ಅವರನ್ನು ನಾನು ಮೊದಲೇ ನೋಡಿದ್ದೆ. ಆಸ್ಪತ್ರೆಯೊಂದರ ಕಥೆಯ ಧಾರಾವಾಹಿಯಲ್ಲಿ ಹನ್ನೊಂದು ವರ್ಷ ಹಿರಿಯ ವೈದ್ಯೆಯಾಗಿದ್ದವರು. ಅದನ್ನು ಹಿಂದಿಗೆ ಡಬ್ ಮಾಡಿ ತೋರಿಸುತ್ತಿದ್ದಾಗ ನಮ್ಮ ಮನೆಯಲ್ಲಿ ಆ ಹೊತ್ತಿಗೆ ಯಾರೂ ಮಾತಾಡುತ್ತಿರಲಿಲ್ಲ. ಅದಕ್ಕೆ ಮೊದಲು ಸಿನಿಮಾಗಳು, ಅದಕ್ಕೂ ಮೊದಲು ನ್ಯೂಯಾರ್ಕಿನ ರಂಗಭೂಮಿ. ಅರವತ್ತು ದಾಟಿದ ಮೇಲೆ ಮತ್ತೆ ರಂಗಕ್ಕೆ ಬಂದವರು.

ನಾಟಕದಲ್ಲಿ ಇಬ್ಬರೇ. ನಿವೃತ್ತ ನ್ಯಾಯಾಧೀಶೆ, ಒಂದು ಕಾಲದಲ್ಲಿ ಆಕೆ ಜೈಲಿಗೆ ಕಳಿಸಿದ ಮನುಷ್ಯ. ಬಿಡುಗಡೆಯಾದ ಮೇಲೆ ಅವನು ಆಕೆಯ ಮನೆಗೆ ಬರುತ್ತಾನೆ. ಒಂದೂವರೆ ಗಂಟೆ, ನಡುವೆ ವಿರಾಮವಿಲ್ಲ, ಇಬ್ಬರ ಮಾತು ಬಿಟ್ಟರೆ ಬೇರೇನೂ ಇಲ್ಲ.

ತಾಲೀಮಿನ ಮೂರನೆಯ ದಿನ ಎಲ್ಲರಿಗೂ ಗೊತ್ತಾಯಿತು. ಹನ್ನೆರಡನೆಯ ಪುಟದವರೆಗೆ ಚೆನ್ನಾಗಿ ಬಂದರು. ಆಮೇಲೆ ನಾಲ್ಕನೆಯ ಪುಟದ ಮಾತು ಆಡಿದರು. ನಿರ್ದೇಶಕರು ಸರಿಪಡಿಸಿದರು. ಮತ್ತೆ ಹನ್ನೆರಡು, ಮತ್ತೆ ನಾಲ್ಕು. ಸಹನಟ ಕಿಟಕಿಯ ಕಡೆ ನೋಡುತ್ತ ನಿಂತ. ನಟಿ ಸ್ಕ್ರಿಪ್ಟನ್ನು ಮೇಜಿನ ಮೇಲಿಟ್ಟು, "ವಿಮಾನದ ಸುಸ್ತು" ಎಂದು ನಕ್ಕರು. ವಿಮಾನದಿಂದ ಇಳಿದು ಒಂಬತ್ತು ದಿನವಾಗಿತ್ತು.

ಆ ಸಂಜೆಯೇ ಕಿವಿಯೊಳಗಿನ ಯಂತ್ರದ ತೀರ್ಮಾನವಾಯಿತು. ಸಲಹೆ ನಟಿಯದೇ, ಎರಡು ವರ್ಷದಿಂದ ಬೇರೆ ಬೇರೆ ಕಡೆ ಅವರು ಹಾಗೆಯೇ ನಡೆಸಿಕೊಂಡು ಬಂದಿದ್ದರು. ತೊಗರಿಕಾಳಿನಷ್ಟು ದೊಡ್ಡದೊಂದು ಯಂತ್ರ, ಮೈಬಣ್ಣದ್ದು, ಕಿವಿಯ ಒಳಗೆ. ಕುತ್ತಿಗೆಯ ಸುತ್ತ ಬಟ್ಟೆಯ ಒಳಗೆ ತೆಳುವಾದ ತಂತಿ. ಸೊಂಟದಲ್ಲಿ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ರಿಸೀವರ್. ನ್ಯಾಯಾಧೀಶೆಯ ಉಣ್ಣೆಯ ಮೇಲಂಗಿಯ ಒಳಪದರದಲ್ಲಿ ಅದಕ್ಕೊಂದು ಜೇಬು ಹೊಲಿದುಕೊಟ್ಟದ್ದು ನಾನು. ನನ್ನ ಕೆಲಸ ಅಲ್ಲಿಗೆ ಮುಗಿಯಬೇಕಿತ್ತು.

ಮೊದಲು ಓದಿದವನು ಸಹಾಯಕ ನಿರ್ದೇಶಕ. ಅವನು ನಟನೆ ಕಲಿತವನು, ಸೊಗಸಾದ ಕಂಠ. ಅರ್ಧ ಗಂಟೆಯಲ್ಲೇ ನಟಿ ಕಿವಿಯಿಂದ ಯಂತ್ರ ಕಿತ್ತು ತೆಗೆದರು.

"ಈತ ನನ್ನ ಕಿವಿಯಲ್ಲಿ ಅಭಿನಯ ಮಾಡುತ್ತಿದ್ದಾನೆ. ನಾನು ಎಲ್ಲಿ ಅಳಬೇಕು ಅಂತ ನನಗೇ ಹೇಳಿಕೊಡುತ್ತಿದ್ದಾನೆ."

ಇನ್ನೊಬ್ಬಳು ಬಂದಳು, ಅವಳು ಹೆದರಿ ತೀರಾ ಬೇಗ ಓದಿದಳು. ಆಗ ಸೌಂಡ್ ನೋಡಿಕೊಳ್ಳುವವನು ನನ್ನ ಕಡೆ ಕೈ ತೋರಿಸಿದ. ಬಂಟ್ವಾಳ ಕಡೆಯ ಬ್ಯಾರಿ, ನನಗಿಂತ ಎರಡು ವರ್ಷಕ್ಕೆ ಚಿಕ್ಕವನು. ದುಬೈಯ ಕನ್ನಡ ಸಂಘದ ನಾಟಕಕ್ಕೆ ನಾನು ಪ್ರಾಂಪ್ಟ್ ಮಾಡಿದ್ದನ್ನು, ಮರೆತ ಮಾತನ್ನು ಪರದೆಯ ಹಿಂದಿನಿಂದ ಹೇಳಿಕೊಟ್ಟದ್ದನ್ನು, ನೋಡಿದ್ದ.

"ಅಕ್ಕ, ನೀವು ಒಮ್ಮೆ ಓದಿ ನೋಡಿ. ಹೋಗುದು ಎಂತ ಉಂಟು?"

ಓದಿದೆ. ನನ್ನ ಇಂಗ್ಲಿಷಿಗೆ ಏರಿಳಿತವಿಲ್ಲ. ಕನ್ನಡ ಮಾಧ್ಯಮದಲ್ಲಿ ಕಲಿತು, ಇಲ್ಲಿ ಅಂಗಡಿಗಳಲ್ಲಿ, ಆಫೀಸುಗಳಲ್ಲಿ ತಿದ್ದಿಕೊಂಡ ಇಂಗ್ಲಿಷು. ಒಂದು ಪುಟ ಮುಗಿದಾಗ ನಟಿ ಕೈ ಎತ್ತಿದರು.

"ಇವಳಿಗೆ ಅಭಿನಯ ಬರುವುದೇ ಇಲ್ಲ. ಇವಳೇ ಬೇಕು."

ಕೋಣೆಯಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ.

ಕೆಲಸ ಕಲಿಸಿದ್ದು ನಟಿಯೇ. ಪೂರ್ತಿ ವಾಕ್ಯ ಓದಬಾರದು, ಮೊದಲ ಮೂರು ಪದ ಸಾಕು. ಅವರು ಮಾತಾಡುತ್ತಿರುವಾಗ ಬಾಯಿ ತೆರೆಯಬಾರದು. ಸಹನಟನ ಮಾತಿನ ಕೊನೆಯ ಪದಕ್ಕೆ ಒಂದು ಉಸಿರು ಮೊದಲು ಕೊಡಬೇಕು. ಅದಕ್ಕಿಂತ ಮುಂಚೆ ಕೊಟ್ಟರೆ ಅವರು ಅವನ ಮಾತಿನ ಮೇಲೆಯೇ ಮಾತಾಡಿಬಿಡುತ್ತಾರೆ, ತಡವಾದರೆ ಮುಖದಲ್ಲಿ ಕಾಣಿಸುತ್ತದೆ. ಕುರ್ಚಿಯ ತೋಳನ್ನು ಮುಟ್ಟಿದರೆ "ಏನೂ ನೆನಪಿಲ್ಲ, ಕೊಡು" ಎಂದು ಅರ್ಥ. ನನ್ನ ಮೈಕಿಗೊಂದು ಗುಂಡಿ. ಒತ್ತಿ ಹಿಡಿದಾಗ ಮಾತ್ರ ಅವರ ಕಿವಿಗೆ ಹೋಗುತ್ತದೆ. ನನ್ನ ಒಂದು ಕಿವಿಯಲ್ಲಿ, ಹೆಡ್‌ಸೆಟ್ಟಿನ ಮೂಲಕ, ನಿರ್ದೇಶಕರು.

ಸ್ಕ್ರಿಪ್ಟನ್ನು ರಿಂಗ್ ಫೈಲಿಗೆ ಹಾಕಿ, ಪುಟದಿಂದ ಪುಟಕ್ಕೆ ಗುರುತು ಮಾಡಿದೆ. ಅವರು ಉಸಿರು ತೆಗೆದುಕೊಳ್ಳುವಲ್ಲಿ ಕೆಂಪು ಗೀಟು. ಯಾವಾಗಲೂ ಎಡವುವಲ್ಲಿ ನೀಲಿ. ಎಂದೂ ಮರೆಯದ ಜಾಗಗಳಿಗೆ ಗುರುತೇ ಇಲ್ಲ, ಅಲ್ಲಿ ನಾನು ಸುಮ್ಮನಿರಬೇಕು. ಒಂದು ವಾರದಲ್ಲಿ ನೀಲಿ ಗೀಟು ಎಷ್ಟು ಹೆಚ್ಚಿತೆಂದರೆ ಬಿಟ್ಟ ಜಾಗಗಳನ್ನು ಹುಡುಕಬೇಕಾಯಿತು.

ತಾಲೀಮಿನಲ್ಲಿ ತಪ್ಪುಗಳಾದವು. ಒಂದು ಸಲ ನಾನು ಅರ್ಧ ಉಸಿರು ಮುಂಚೆ ಕೊಟ್ಟು, ಸಹನಟನ ಅತಿ ಮುಖ್ಯ ಮಾತಿನ ಮೇಲೆ ನಟಿಯ ಮಾತು ಬಿತ್ತು. ಅವನು ಪರದೆಯ ಹಿಂದೆ ಬಂದು, "ನಾನು ಯಾರ ಜೊತೆ ನಟಿಸುತ್ತಿದ್ದೇನೆ? ಆಕೆಯ ಜೊತೆಯೋ, ನಿನ್ನ ಜೊತೆಯೋ?" ಎಂದ. ಇನ್ನೊಂದು ದಿನ ಪಕ್ಕದ ಹೋಟೆಲಿನ ಮದುವೆಯ ಹಾಡು ಅದೇ ತರಂಗದಲ್ಲಿ ಅವರ ಕಿವಿಗೆ ನುಗ್ಗಿತು. ಜೈಲಿನ ಬಗ್ಗೆ ಮಾತಾಡುತ್ತಿದ್ದ ನ್ಯಾಯಾಧೀಶೆ ತಾಳಕ್ಕೆ ತಲೆ ಆಡಿಸತೊಡಗಿದರು. ಸೌಂಡಿನವನು ಮರುದಿನವೇ ಬೇರೆ ತರಂಗಕ್ಕೆ ಪರವಾನಗಿ ತಂದ. ಬ್ಯಾಟರಿಯನ್ನು ಪ್ರತಿ ಪ್ರದರ್ಶನಕ್ಕೂ ಹೊಸದು ಹಾಕಿ, ಅದರ ಮೇಲೆ ಸಮಯ ಬರೆಯುವ ಅಭ್ಯಾಸ ಮಾಡಿಕೊಂಡೆವು.

ಮೊದಲ ವಾರ ನಾಲ್ಕು ಪ್ರದರ್ಶನ. ಬುಧವಾರ, ಗುರುವಾರ, ಶುಕ್ರವಾರ ಸಂಜೆ, ಶನಿವಾರ ಮಧ್ಯಾಹ್ನ ನಾಲ್ಕಕ್ಕೆ. ಒಂದೂ ತಪ್ಪಲಿಲ್ಲ. ಪತ್ರಿಕೆಯವರು ಆಕೆಯ ಮೌನಗಳನ್ನು ಹೊಗಳಿ ಬರೆದರು. ಆ ಮೌನಗಳಲ್ಲಿ ಅವರು ನನ್ನನ್ನು ಕಾಯುತ್ತಿದ್ದರು.

ರಜೆಯ ದಿನ, ಸೋಮವಾರ ಬೆಳಿಗ್ಗೆ, ದೋಣಿ ನೋಡಬೇಕೆಂದರು. ಡ್ರೈವರ್ ನಮ್ಮಿಬ್ಬರನ್ನೂ ಅಲ್ ಮೀನಾ ಬಂದರಿಗೆ ಕರೆದುಕೊಂಡು ಹೋದ. ಮೀನು ಮಾರುಕಟ್ಟೆಯ ಒಳಗೆ ನಟಿ ಪ್ರತಿಯೊಂದರ ಹೆಸರು ಕೇಳಿದರು. ಇದು ಹಮ್ಮೂರ್, ಇದು ನಮ್ಮ ಕಡೆಯ ಅಂಜಲ್ ಎಂದೆ. ನಾಲ್ಕು ಹೆಜ್ಜೆ ಮುಂದೆ ಹೋಗಿ ಮತ್ತೆ ಅದನ್ನೇ ತೋರಿಸಿ ಕೇಳಿದರು. ಮೂರನೆಯ ಸಲಕ್ಕೆ ಅವರೇ ಕೈ ಕೆಳಗೆ ಇಳಿಸಿದರು.

"ನನ್ನ ತಾಯಿಗೂ ಹೀಗೆಯೇ ಶುರುವಾದದ್ದು."

ಹೊರಗೆ ದೋಣಿಗಳ ಎದುರು ಒಂದು ಬೆಂಚಿನ ಮೇಲೆ ಕೂತೆವು. ತಲೆಯಲ್ಲಿ ಹೊಸದು ನಿಲ್ಲುತ್ತಿಲ್ಲ, ಹಳೆಯದು ಹೋಗುತ್ತಿಲ್ಲ ಎಂದರು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಒಂದು ಸಣ್ಣ ರಂಗಮಂದಿರದಲ್ಲಿ ಅವರಿಗೆ ಮೊದಲ ಮುಖ್ಯ ಪಾತ್ರ ಸಿಕ್ಕಿತ್ತಂತೆ. ಹಿಮ ಬಿದ್ದು ದಾರಿಯೆಲ್ಲ ಮುಚ್ಚಿಹೋದ ಒಂದು ಊರಿನ ಟೆಲಿಫೋನ್ ಎಕ್ಸ್‌ಚೇಂಜಿನ ಹುಡುಗಿ. ಬೇರೆಯವರು ಯಾರೂ ಕೆಲಸಕ್ಕೆ ಬರಲಾಗದೆ ಅವಳೊಬ್ಬಳೇ ಇಡೀ ಊರಿನ ಕರೆಗಳನ್ನು ಜೋಡಿಸುತ್ತಾಳೆ. ನಾಟಕ ಒಂಬತ್ತು ದಿನಕ್ಕೆ ನಿಂತಿತು. ಆ ಒಂಬತ್ತು ದಿನದಲ್ಲಿ ನೋಡಿದ ಯಾರೋ ಅವರನ್ನು ಕ್ಯಾಲಿಫೋರ್ನಿಯಾಕ್ಕೆ ಕರೆಸಿಕೊಂಡರು. ಅಲ್ಲಿ ಇಪ್ಪತ್ತು ವರ್ಷ ಯಾರಾದರೊಬ್ಬರ ಹೆಂಡತಿಯ ಪಾತ್ರ ಮಾಡಿದರು.

"ಸಿನಿಮಾದಲ್ಲಿ ಮರೆತರೆ ಇನ್ನೊಂದು ಟೇಕ್ ಇದೆ. ಆ ಹುಡುಗಿಯನ್ನು ಮಾತ್ರ ನಾನು ಒಂದು ದಿನವೂ ಮರೆತಿಲ್ಲ."

ಹಾಗೆಂದು ಬೆನ್ನು ನೆಟ್ಟಗೆ ಮಾಡಿ, ಇಲ್ಲದ ಫೋನನ್ನು ಕಿವಿಗಿಟ್ಟು ಶುರು ಮಾಡಿದರು. ಧ್ವನಿಯಿಂದ ಐವತ್ತೈದು ವರ್ಷ ಉದುರಿಹೋಯಿತು. ವೈದ್ಯರನ್ನು ಹುಡುಕುವವರು, ಜಗಳವಾಡಿದ ಅಣ್ಣತಮ್ಮಂದಿರು, ಸುಮ್ಮನೆ ಹೆದರಿದವರು, ಎಲ್ಲರಿಗೂ ಅವಳು ಉತ್ತರ ಕೊಡುತ್ತಾಳೆ. ಕೊನೆಗೊಂದು ಕರೆ ಬರುತ್ತದೆ. ಒಬ್ಬ ಹೆಂಗಸು ತನ್ನ ಮಗಳನ್ನು ಹುಡುಕುತ್ತಿದ್ದಾಳೆ. ಆ ಧ್ವನಿ ಈ ಹುಡುಗಿಯ ಅಮ್ಮನದೇ.

"ಆಮೇಲೆ, ಮೇಡಂ?"

"ಮುಂದಿನದು ಟಿಕೆಟ್ ತೆಗೆದುಕೊಂಡವರಿಗೆ" ಎಂದು ನಕ್ಕರು. ಅಷ್ಟರಲ್ಲಿ ಡ್ರೈವರ್ ದೂರದಿಂದ "ಯಲ್ಲಾ, ಮೇಡಂ" ಎಂದು ಕೂಗಿದ. ಎದ್ದೆವು.

ಎರಡನೆಯ ವಾರದ ಶನಿವಾರ, ಎಂಟನೆಯ ಪ್ರದರ್ಶನ. ಮಧ್ಯಾಹ್ನದ ಆಟಕ್ಕೆ ಆರುನೂರು ಆಸನವೂ ತುಂಬಿತ್ತು. ಮುಕ್ಕಾಲು ಗಂಟೆ ಎಲ್ಲ ಸರಿಯಾಗಿ ಹೋಯಿತು. ಐವತ್ತೊಂದನೆಯ ಪುಟದಲ್ಲಿ ನ್ಯಾಯಾಧೀಶೆ ತಾನು ಆ ಶಿಕ್ಷೆ ಯಾಕೆ ಕೊಟ್ಟೆ ಎಂದು ಹೇಳಬೇಕು. ಮೇಜಿನ ಮೇಲೊಂದು ಹಳೆಯ ಕಾಲದ ಫೋನ್ ಇದೆ; ಆಕೆ ಅದನ್ನೆತ್ತಿ ಪೊಲೀಸರಿಗೆ ಕರೆ ಮಾಡಬಹುದು, ಮಾಡುವುದಿಲ್ಲ.

ನಟಿ ಕುರ್ಚಿಯ ತೋಳು ಮುಟ್ಟಿದರು. ನಾನು ಗುಂಡಿ ಒತ್ತಿ ಮೂರು ಪದ ಕೊಟ್ಟೆ. ತೆಗೆದುಕೊಳ್ಳಲಿಲ್ಲ. ಮತ್ತೆ ಕೊಟ್ಟೆ. ಮತ್ತೊಮ್ಮೆ. ಅವರ ಕೈ ತೋಳಿನಿಂದ ಎದ್ದು ಫೋನಿನ ಕಡೆ ಹೋಯಿತು. ರಿಸೀವರ್ ಎತ್ತಿ ಕಿವಿಗೆ ಇಟ್ಟುಕೊಂಡರು. ಬಲಗಿವಿಗೆ.

"ಎಕ್ಸ್‌ಚೇಂಜ್. ನಂಬರ್ ಹೇಳಿ."

ಸಹನಟ ಗರಬಡಿದವನಂತೆ ನಿಂತ. ನನಗೆ ಮಾತ್ರ ಅದು ಎಲ್ಲಿಂದ ಬಂತೆಂದು ಗೊತ್ತಾಯಿತು.

ನಿರ್ದೇಶಕರ ಧ್ವನಿ: "ಏನಿದು? ಲೈನ್ ಕೊಡು."

ಬೆರಳು ಗುಂಡಿಯ ಮೇಲೇ ಇತ್ತು. ಒತ್ತಲಿಲ್ಲ.

"ಕೇಳಿಸುತ್ತಿದೆಯಾ? ಅವರಿಗೆ ಲೈನ್ ಕೊಡು!"

ಸೌಂಡಿನವನು ತನ್ನ ಜಾಗದಿಂದ ನನ್ನ ಮುಖ ನೋಡಿದ. ನಾನು ಬೆರಳು ತೆಗೆದು ಮಡಿಲಲ್ಲಿಟ್ಟುಕೊಂಡೆ.

ಏಳು ನಿಮಿಷ ಅವರು ಯಾರ ಹಂಗೂ ಇಲ್ಲದೆ ಮಾತಾಡಿದರು. ನಾಲ್ಕು ವಾರದಲ್ಲಿ ಒಂದು ಪುಟವನ್ನೂ ಅಷ್ಟು ತಡೆಯಿಲ್ಲದೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. ವೈದ್ಯರ ಕರೆ, ಅಣ್ಣತಮ್ಮಂದಿರ ಕರೆ. ಆಮೇಲೆ ಆ ಹೆಂಗಸಿನ ಕರೆ. ಮಗಳ ಧ್ವನಿ ಗುರುತಾಗದೆ ಅವಳು ಮಗಳ ನಂಬರನ್ನೇ ಕೇಳುತ್ತಾಳೆ. ಇತ್ತ ಬೇರೆ ಕರೆಗಳು ಕಾಯುತ್ತಿವೆ, ಯಾರದೋ ಮನೆಯಲ್ಲಿ ಹೆರಿಗೆ. ಹುಡುಗಿ ಹೇಳುತ್ತಾಳೆ: "ಆ ನಂಬರಿನಲ್ಲಿ ಯಾರೂ ಎತ್ತುತ್ತಿಲ್ಲ, ಅಮ್ಮಾ. ಆಮೇಲೆ ಪ್ರಯತ್ನಿಸಿ." ಮುಂದಿನ ಕರೆಗೆ ಹೋಗುತ್ತಾಳೆ.

ಪರದೆಯ ಹಿಂದೆ ನಾನು ಅಳುತ್ತಿದ್ದೆ.

ರಿಸೀವರ್ ಇಟ್ಟರು. ಮಾತು ಮುಗಿಯಿತು. ಅಲ್ಲಿಂದ ಮುಂದೆ ಏನೂ ಇರಲಿಲ್ಲ. ನಿಂತಲ್ಲೇ ಸುತ್ತ ನೋಡಿದರು: ಸೋಫಾ, ದೀಪ, ಎದುರಿಗೊಬ್ಬ ಅಪರಿಚಿತ ಗಂಡಸು. ಮುಖದಲ್ಲಿ ಬಂದ ಭಯ ನಟನೆಯದಾಗಿರಲಿಲ್ಲ. ನಾನು ಗುಂಡಿ ಒತ್ತಿ ಐವತ್ತೊಂದನೆಯ ಪುಟದ ಮೂರು ಪದ ಹೇಳಿದೆ. ಅವರು ಬೆಚ್ಚಿ ಎಡಗಿವಿ ಮುಟ್ಟಿಕೊಂಡರು. "ಮೇಡಂ, ಕುರ್ಚಿಯಲ್ಲಿ ಕುಳಿತುಕೊಳ್ಳಿ" ಎಂದೆ. ಕೂತರು. ಸಹನಟ ಹತ್ತು ಪುಟ ಹಾರಿಸಿ ತಾನೊಬ್ಬನೇ ನಾಟಕವನ್ನು ಕೊನೆಗೆ ಮುಟ್ಟಿಸಿದ. ದೀಪ ಆರಿತು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅರ್ಧ ಜನಕ್ಕೆ ಏನೋ ತಪ್ಪಿದೆ ಎಂದು ಗೊತ್ತಿತ್ತು. ಒಬ್ಬ ಆ ಏಳು ನಿಮಿಷವನ್ನು ಫೋನಿನಲ್ಲಿ ಹಿಡಿದುಕೊಂಡೂ ಇದ್ದ.

ಪ್ರಸಾಧನದ ಕೋಣೆಯಲ್ಲಿ ಮೇಲಂಗಿ ಕಳಚಿಕೊಟ್ಟೆ. ಅದರ ಜೇಬಿನ ರಿಸೀವರ್ ತೆಗೆದೆ. ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದರು.

"ಇವತ್ತು ನಾನು ಯಾವ ನಾಟಕ ಆಡಿದೆ?"

ಸುಳ್ಳು ಹೇಳಬಹುದಿತ್ತು. "ಟೆಲಿಫೋನ್ ಹುಡುಗಿಯದು, ಮೇಡಂ."

"ಎಷ್ಟು ಹೊತ್ತು?"

"ಏಳು ನಿಮಿಷ."

"ನೀನು ಎಲ್ಲಿದ್ದೆ?"

"ಅಲ್ಲೇ ಇದ್ದೆ. ಮೊದಲು ಮೂರು ಸಲ ಕೊಟ್ಟೆ. ಆಮೇಲೆ ಕೊಡಲಿಲ್ಲ."

"ಯಾಕೆ?"

"ಬಹಳ ಚೆನ್ನಾಗಿತ್ತು. ತಡೆಯಲು ಮನಸ್ಸು ಬರಲಿಲ್ಲ."

ನಿಧಾನವಾಗಿ ನನ್ನ ಕಡೆ ತಿರುಗಿದರು. ಬೈಯುತ್ತಾರೆ ಎಂದುಕೊಂಡೆ. ದನಿ ಏರಿಸಲಿಲ್ಲ.

"ಚೆನ್ನಾಗಿದೆ ಅನ್ನುವುದಕ್ಕೆ ಮುಂದೆ ಆರುನೂರು ಜನ ಕೂತಿದ್ದರು. ನಿನ್ನನ್ನು ಅದಕ್ಕೆ ಕೂರಿಸಿರಲಿಲ್ಲ. ನಾನು ದಾರಿ ಬಿಟ್ಟು ಹೋಗುವಾಗ ಕೈ ಹಿಡಿದು ನಿಲ್ಲಿಸುವುದಕ್ಕೆ ನೀನೊಬ್ಬಳೇ ಇದ್ದದ್ದು. ನೀನೂ ನೋಡುತ್ತ ಕೂತೆ."

ಅವರಿಗೆ ಒಂದು ಸುಖ ಕೊಟ್ಟೆ ಎಂದು ಅಲ್ಲಿಯವರೆಗೆ ನಾನು ಅಂದುಕೊಂಡಿದ್ದೆ. ಅದು ಅರ್ಧ ಮಾತ್ರ ನಿಜ. ಉಳಿದರ್ಧ, ಆ ಕರೆ ಏನಾಯಿತೆಂದು ನನಗೆ ಕೇಳಬೇಕಿತ್ತು. ಅಲ್ ಮೀನಾದ ಬೆಂಚಿನಿಂದಲೂ ಕೇಳಬೇಕಿತ್ತು. ಮುದುಕಿಯೊಬ್ಬರು ಆರುನೂರು ಜನರೆದುರು ತಪ್ಪಿಸಿಕೊಂಡು ಅಲೆಯುತ್ತಿದ್ದಾಗ ನಾನು ಕಥೆ ಕೇಳುತ್ತಿದ್ದೆ. ಕ್ಷಮೆ ಕೇಳಿದೆ. ಅವರು ಕೂದಲು ಬಾಚಿಕೊಳ್ಳತೊಡಗಿದರು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಭೆ. ನಿರ್ಮಾಪಕರು, ನಿರ್ದೇಶಕರು, ನಟಿ, ಸಹನಟ, ಸೌಂಡಿನವನು, ನಾನು. ಮೇಜಿನ ನಡುವಿನ ಫೋನಿನಲ್ಲಿ, ನಡುರಾತ್ರಿ ದಾಟಿದ ನ್ಯೂಯಾರ್ಕಿನಿಂದ, ನಟಿಯ ವ್ಯವಹಾರ ನೋಡಿಕೊಳ್ಳುವವರು. ವಿಡಿಯೊ ಅವರಿಗೂ ತಲುಪಿತ್ತು. ನಟಿಗೆ ಒಂದು ಸಿನಿಮಾದ ಮಾತುಕತೆ ನಡೆದಿತ್ತು. ಮರೆವಿನ ಸುದ್ದಿ ಹೊರಬಿದ್ದರೆ ಅದೂ ಇಲ್ಲ, ಅದರಾಚೆಗೆ ಬೇರೆ ಯಾವುದೂ ಇಲ್ಲ. ಫೋನಿನಲ್ಲಿದ್ದವರು ಕೇಳಿದ್ದು ಒಂದೇ ಪ್ರಶ್ನೆ: ಇದು ತಾಂತ್ರಿಕ ತೊಂದರೆಯೋ, ಅಲ್ಲವೋ?

ಯಾರೂ ಬಾಯಿ ಬಿಡುವ ಮೊದಲೇ ನಟಿ ಉತ್ತರ ಕೊಟ್ಟರು. ತಿಳಿನೀಲಿ ಅಂಗಿ, ಅಚ್ಚುಕಟ್ಟಾದ ಲಿಪ್‌ಸ್ಟಿಕ್. ಒಂದು ಪದವೂ ತಡವರಿಸಲಿಲ್ಲ.

"ನನ್ನ ಕಿವಿಯಲ್ಲಿ ಧ್ವನಿ ನಿಂತುಹೋಯಿತು. ರಂಗದ ಮೇಲೆ ಸುಮ್ಮನೆ ನಿಲ್ಲಲು ಆಗುತ್ತದೆಯೆ? ಹಳೆಯ ನಾಟಕದ ಒಂದು ಭಾಗ ಹಾಕಿ ಏಳು ನಿಮಿಷ ತಡೆದುಕೊಂಡೆ. ಐವತ್ತೈದು ವರ್ಷದ ಅನುಭವ ಇಲ್ಲದವಳಾಗಿದ್ದರೆ ನಾಟಕ ಅಲ್ಲೇ ನಿಲ್ಲುತ್ತಿತ್ತು." ನನ್ನ ಕಡೆ ತಿರುಗಿದರು. "ನೀನು ನಿಲ್ಲಿಸಿದೆ. ಅಲ್ಲವೆ?"

ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಹಿಂದುಮುಂದು ಮಾಡಿದ್ದರು, ಅಷ್ಟೆ. ಪದಗಳು ಒಂದೊಂದೂ ನಿಜ.

ಸೌಂಡಿನವನು ನನ್ನ ಪಕ್ಕದಲ್ಲಿದ್ದ. ತಲೆ ತಗ್ಗಿಸಿಕೊಂಡೇ ಕನ್ನಡದಲ್ಲಿ ಹೇಳಿದ: "ಅಕ್ಕ, ನಿಮ್ಮ ಹೆಡ್‌ಸೆಟ್ಟಿನದ್ದು ರೆಕಾರ್ಡಿಂಗ್ ಉಂಟು ನನ್ನ ಹತ್ರ. ಮೂರು ಸಲ ಲೈನ್ ಕೊಟ್ಟದ್ದು ಅದ್ರಲ್ಲಿ ಕ್ಲಿಯರ್ ಆಗಿ ಉಂಟು. ಪ್ಲೇ ಮಾಡ್ಲಾ?"

"ಬೇಡ."

"ಅಕ್ಕ, ಕೆಲಸ ಹೋಗ್ತದೆ ನಿಮ್ದು."

"ಬೇಡ ಅಂದೆ ಅಲ್ವಾ."

ನಿರ್ಮಾಪಕರು ಇಂಗ್ಲಿಷಿನಲ್ಲಿ ಮಾತಾಡಿ ಎಂದರು. ನಾನು, "ಹೌದು, ನಿಲ್ಲಿಸಿದೆ" ಎಂದೆ.

ಆ ರೆಕಾರ್ಡಿಂಗ್ ಹಾಕಿದ್ದರೆ ನನ್ನ ಕೆಲಸ ಉಳಿಯುತ್ತಿತ್ತೋ ಏನೋ. ಅದೇ ಕ್ಷಣದಲ್ಲಿ ನಟಿಯ ಕೆಲಸ ಮುಗಿಯುತ್ತಿತ್ತು. ಅದು ಒಂದು ಕಾರಣ. ಮೂರು ಸಲ ಕೊಟ್ಟ ಮೇಲೆ ನಿರ್ದೇಶಕರು ಕೂಗಿದ್ದು, ಅದಕ್ಕೆ ಉತ್ತರವಾಗಿ ನನ್ನ ಮೌನ, ಅದೂ ಅದರಲ್ಲೇ ಇರುತ್ತಿತ್ತು. ಅದು ಇನ್ನೊಂದು ಕಾರಣ. ಯಾವುದು ದೊಡ್ಡದು ಎಂದು ಇವತ್ತಿಗೂ ಹೇಳಲಾರೆ. ದೊಡ್ಡ ಮನಸ್ಸು ಮಾಡಿದೆ ಎಂದು ಯಾರಾದರೂ ಹೇಳಿದರೆ ಮಾತ್ರ ಮೈ ಉರಿಯುತ್ತದೆ.

ನಟಿ ನನ್ನನ್ನು ಮತ್ತೆ ನೋಡಲಿಲ್ಲ. ಕನ್ನಡದಲ್ಲಿ ನಾವಿಬ್ಬರು ಏನು ಮಾತಾಡಿದೆವೆಂದು ಕೇಳಲೂ ಇಲ್ಲ. ಫೋನಿನಲ್ಲಿದ್ದವರು ಧನ್ಯವಾದ ಹೇಳಿ ಇಟ್ಟರು. ಸಿನಿಮಾ ಅವರಿಗೇ ಸಿಕ್ಕಿತೆಂದು ಆಮೇಲೆ ಕೇಳಿದೆ.

ಕರ್ತವ್ಯಲೋಪ ಎಂದು ಬರೆದ ಕಾಗದಕ್ಕೆ ಸಹಿ ಮಾಡಿದೆ. ಕೆಲಸ ಖಲಾಸ್. ಆದರೆ ಎರಡು ದಿನ ಇರಬೇಕು, ಹೊಸಬಳಿಗೆ ಎಲ್ಲ ಒಪ್ಪಿಸಬೇಕು, ಆಮೇಲೆ ವೀಸಾ ರದ್ದತಿಯ ಕಾಗದ ಎಂದರು. ಆ ಸಂಜೆ ಬಸ್ಸು ಹಿಡಿದು ಮನೆಗೆ ಹೋದೆ.

ಗಂಡ ಊಟದ ತಟ್ಟೆಯಿಂದ ಕೈ ತೆಗೆದು ಪೂರ್ತಿ ಕೇಳಿದರು.

"ನಿಂಗೆ ಎಂತಕ್ಕೆ ಬೇಕಿತ್ತು ಮಾರಾಯ್ತಿ? ಗುಂಡಿ ಒತ್ತುದು, ಓದುದು. ಅಷ್ಟೇ ಅಲ್ವಾ ಇದ್ದದ್ದು?"

"ಹೌದು."

"ಮತ್ತೆ ಆ ರೆಕಾರ್ಡಿಂಗಾದ್ರೂ ಹಾಕ್ಲಿಕ್ಕೆ ಹೇಳ್ಬಹುದಿತ್ತಲ್ಲ. ಆ ಹೆಂಗ್ಸು ನಿನ್ನ ಹೆಸ್ರು ಹೇಳುವಾಗ ನಿನ್ನ ಮೋರೆ ನೋಡಿದ್ರಾ?"

"ಹೆಸರು ಹೇಳ್ಲಿಲ್ಲ."

ಒಳಗಿನ ಕೋಣೆಯಿಂದ ಮಗಳು ಬಂದು ಬಾಗಿಲಲ್ಲಿ ನಿಂತಳು. "ಅಮ್ಮಾ, ಆರ್ ಯೂ ಫೈರ್ಡ್?"

"ಹೌದು ಮಗಾ."

"ಬಟ್ ವಾಟ್ ಡಿಡ್ ಯೂ ಡೂ?"

ಏನೂ ಮಾಡಲಿಲ್ಲ ಎಂದೆ. ಅದಕ್ಕಿಂತ ಸರಿಯಾದ ಉತ್ತರ ಇನ್ನೂ ಸಿಕ್ಕಿಲ್ಲ.

ಮರುದಿನ ಹೊಸ ಪ್ರಾಂಪ್ಟರ್ ಬಂದಳು. ಮನಿಲಾದವಳು, ನನ್ನದೇ ವಯಸ್ಸು, ರಂಗದ ಹಿಂದಿನ ಕೆಲಸದಲ್ಲೇ ಪಳಗಿದವಳು. ಆ ಕಪ್ಪು ಪರದೆಯ ಹಿಂದೆ ಇಬ್ಬರೂ ಕುರ್ಚಿ ಹಾಕಿಕೊಂಡು ಕೂತೆವು. ಕೆಂಪು ಗೀಟು ತೋರಿಸಿದೆ, ನೀಲಿ ಗೀಟು ತೋರಿಸಿದೆ. ಮೂರು ಪದ, ಒಂದು ಉಸಿರು ಮೊದಲು. ಇಪ್ಪತ್ತೊಂಬತ್ತನೆಯ ಪುಟದಲ್ಲಿ ಅವರು ಕೆಮ್ಮುತ್ತಾರೆ. ಅದು ಮರೆವಲ್ಲ, ಅಲ್ಲಿ ಕೊಡಬೇಡ. ಗುರುವಾರಗಳಲ್ಲಿ ಸುಸ್ತಾಗಿರುತ್ತಾರೆ, ನಾಲ್ಕು ಪದ ಕೊಡು. ಅವಳು ಎಲ್ಲವನ್ನೂ ಬರೆದುಕೊಂಡಳು. ನನ್ನ ಹಾಗೆ ಅವಳೂ ಓದಿ ತೋರಿಸಿದಳು. ಏರಿಳಿತ ತುಸು ಹೆಚ್ಚಿತ್ತು, ಅದನ್ನು ತೆಗೆಸಿದೆ. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಯಾವ ಬಣ್ಣವೂ ಇಲ್ಲದೆ ಓದತೊಡಗಿದ್ದಳು.

ಕೊನೆಗೆ ಐವತ್ತೊಂದನೆಯ ಪುಟಕ್ಕೆ ಬಂದೆವು. ಅವಳು ಪೆನ್ ಕೆಳಗಿಟ್ಟಳು. ವಿಡಿಯೊ ನೋಡಿದ್ದಳು.

"ಮತ್ತೆ ಆ ಫೋನ್ ಎತ್ತಿದರೆ?"

"ನಿಲ್ಲಿಸು."

"ಅವರು ತೆಗೆದುಕೊಳ್ಳದಿದ್ದರೆ?"

"ತೆಗೆದುಕೊಳ್ಳುವವರೆಗೆ ಕೊಡು. ಅವರು ಮಾತಾಡುತ್ತಿದ್ದರೂ ಕೊಡು. ಅಲ್ಲಿ ಏನು ಹೇಳುತ್ತಿದ್ದಾರೆ ಅಂತ ಕೇಳಿಸಿಕೊಳ್ಳಬೇಡ. ಪುಟ ನೋಡು, ಓದು."

ಅದನ್ನೂ ಬರೆದುಕೊಂಡಳು. ನಾನು ಹೆಡ್‌ಸೆಟ್ ತೆಗೆದು ಅವಳ ಕೈಗೆ ಕೊಟ್ಟೆ.

ಆ ವಾರ ಮನೆಯಲ್ಲಿದ್ದೆ. ಮೂರು ಪ್ರದರ್ಶನ ಏನೂ ತೊಂದರೆಯಿಲ್ಲದೆ ಆದವು. ಕೊನೆಯದಾದ ಹನ್ನೆರಡನೆಯ ಪ್ರದರ್ಶನ ಮುಗಿದ ಮೇಲೆ, ಶನಿವಾರ ಸಂಜೆ, ಸೌಂಡಿನವನ ಫೋನ್ ಬಂತು.

"ಅಕ್ಕ, ಇವತ್ತು ಪುನಃ ಎತ್ತಿದ್ರು."

"ಫೋನಾ?"

"ಹೂಂ. ಅದೇ ಜಾಗದಲ್ಲಿ. ಎಕ್ಸ್‌ಚೇಂಜ್ ಅಂತ ಒಂದು ಶಬ್ದ ಹೇಳಿದ್ದು, ಅಷ್ಟೇ. ಇವ್ಳು ಕೊಟ್ಳು. ಅವ್ರು ನಂಬರ್ ಅಂತ ಶುರು ಮಾಡಿದ್ರು, ಇವ್ಳು ಪುನಃ ಕೊಟ್ಳು, ಬಿಡ್ಲೇ ಇಲ್ಲ. ನಾಲ್ಕನೇ ಸಲಕ್ಕೆ ಅವ್ರು ರಿಸೀವರ್ ಕೆಳಗಿಟ್ರು. ಇಟ್ಟು ಜಡ್ಜಿಂದು ಲೈನ್ ಹೇಳಿದ್ರು. ಪಬ್ಲಿಕ್‌ಗೆ ಎಂತದೂ ಗೊತ್ತಾಗ್ಲಿಲ್ಲ."

"ಆಮೇಲೆ?"

"ಆಮೇಲೆ ಎಂತ, ಸರಿಯಾಗಿ ಮುಗೀತು. ಎಲ್ರೂ ಅವ್ಳ ಕೈ ಕುಲುಕಿದ್ರು."

ಆ ಮನಿಲಾದವಳು ಕೆಲಸವನ್ನು ಹೇಗೆ ಮಾಡಬೇಕೋ ಹಾಗೆಯೇ ಮಾಡಿದ್ದಳು. ಅವಳಿಗೆ ಅದನ್ನು ಕಲಿಸಿಕೊಟ್ಟವಳು ನಾನು.